ಎಂಟನೇ ಹುಡುಗಿ

ವಿಜಯವಾಡದ ಆ ಹುಡುಗಿಯರ ಶಾಲೆಗೆ ದಾವಣಗೆರೆಯ ಕಮಲಾಕ್ಷಿ ಪೀಟಿ ಟೀಚರಾಗಿ ಬಂದ ಮೇಲೆ ಶನಿವಾರದ ಡ್ರಿಲ್ಲಿಗೆ ಕುತ್ತು ಬಂತು. ಮಕ್ಕಳನ್ನು ಗೊಂಬೆಗಳ ಹಾಗೆ ನಿಲ್ಲಿಸಿ ಕೈ ಎತ್ತು, ಕೈ ಇಳಿಸು ಎನ್ನುವುದು ಅವಳ ಜಾಯಮಾನಕ್ಕೆ ಒಗ್ಗದು. ಒಡೆದ ಹಂಚು ಆರಿಸಿ ತಂದು ಲಗೋರಿ ಹೂಡಿದಳು. ಇಲ್ಲಿಯವರು ಅದನ್ನೇ ಏಡು ಪೆಂಕುಲಾಟ ಎನ್ನುತ್ತಾರೆ. ಹೆಸರು ಬೇರೆಯಾದರೂ ಬೆನ್ನಿಗೆ ಬೀಳುವ ಚೆಂಡಿನ ಉರಿ ಒಂದೇ.

ಲಗೋರಿಯ ಜೊತೆ ಹಳೆಯ ಕಟ್ಟಳೆಯೂ ಬಂತು. ಓಡಲಾರದವರನ್ನು ಹೊರಗೆ ಕೂರಿಸಬಾರದು, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳಬೇಕು. ಅಂಥವರನ್ನು ತೆಲುಗು ಮಕ್ಕಳು ಆಟದ ಅರಟಿಪಂಡು, ಅಂದರೆ ಬಾಳೆಹಣ್ಣು ಎನ್ನುತ್ತಾರೆ. ಬಾಳೆಹಣ್ಣಿಗೆ ಯಾರೂ ಚೆಂಡು ಬೀಸುವಂತಿಲ್ಲ. ಪೋಲಿಯೊದಿಂದ ಎಡಗಾಲು ಸೊರಗಿದ್ದ ದುರ್ಗಾಂಬ, ಕನ್ನಡದ ಬ್ಯಾಂಕ್ ಗುಮಾಸ್ತರೊಬ್ಬರ ಮಗಳು, ಒಂದು ವರ್ಷದಿಂದ ಏಳನೇ ತರಗತಿಯ ಬಾಳೆಹಣ್ಣು. ಅದಕ್ಕೂ ಮುಂಚೆ ಮರದಡಿ ಕೂತು ಮಿಕ್ಕವರ ಚಪ್ಪಲಿ ಕಾಯುತ್ತಿದ್ದಳು. ಅವಳನ್ನು ಅಂಗಳಕ್ಕೆ ಇಳಿಸಿದ್ದರ ಬಗ್ಗೆ ಕಮಲಾಕ್ಷಿಗೆ ಇನ್ನಿಲ್ಲದ ಹೆಮ್ಮೆ.

ಎಂಬತ್ತೆಂಟರ ಡಿಸೆಂಬರಿನಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಜಗನ್ಮೋಹನ್ ತಪಾಸಣೆಗೆ ಬಂದರು. ಹೊಟ್ಟೆ ಮುಂದೆ, ಅವರು ಹಿಂದೆ. ಅವರು ಒಪ್ಪದಿದ್ದರೆ ಲಗೋರಿ ಹೋಗಿ ಡ್ರಿಲ್ ವಾಪಸ್, ದುರ್ಗಾಂಬ ವಾಪಸ್ ಮರದಡಿಗೆ. ಕಮಲಾಕ್ಷಿಗೆ ಬೆಳಗಿನಿಂದ ಕಾಫಿಯೂ ಇಳಿದಿರಲಿಲ್ಲ.

"ಆ ಕಡೆ ಏಳು, ಈ ಕಡೆ ಎಂಟು. ಇದೇನಮ್ಮಾ?" ಎಂದರು ಅಧಿಕಾರಿಗಳು ತೆಲುಗಿನಲ್ಲಿ.

"ಒಂದು ಅರಟಿಪಂಡು ಸಾರ್!" ಎಂದು ಕೂಗಿದರು ಹುಡುಗಿಯರು.

"ನನ್ನ ಫಾರಮ್ಮಿನಲ್ಲಿ ಹಣ್ಣಿಗೆ ಕಾಲಂ ಇಲ್ಲ. ಲೆಕ್ಕಕ್ಕೆ ಹಿಡೀರಿ, ಇಲ್ಲ ಹೊರಗೆ ಕೂರಿಸಿ."

ಕಮಲಾಕ್ಷಿ ವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ದುರ್ಗಾಂಬ ಅವಳ ಸೆರಗು ಎಳೆದಳು. "ಟೀಚರ್, ನನ್ನ ಲೆಕ್ಕಕ್ಕೇ ಹಿಡೀರಿ."

"ಸುಮ್ನಿರೇ ತಾಯಿ. ಚೆಂಡು ಬಿದ್ರೆ ಔಟಾಗ್ತೀಯ."

"ಆಗ್ಲಿ ಟೀಚರ್. ಒಂದು ವರ್ಷದಿಂದ ಒಬ್ರೂ ನನ್ನ ಹೊಡೆದಿಲ್ಲ."

ಕಮಲಾಕ್ಷಿಗೆ ಕೆನ್ನೆಗೆ ಬಾರಿಸಿದಂತಾಯಿತು. ಚೆಂಡನ್ನು ಹುಡುಗಿಯ ಕೈಗಿಟ್ಟಳು.

ದುರ್ಗಾಂಬನ ಮೊದಲ ಎಸೆತ ಗಾಳಿಪಾಲಾಯಿತು. ಎರಡನೆಯದಕ್ಕೆ ಏಳು ಹಂಚೂ ಚೆಲ್ಲಾಪಿಲ್ಲಿ. ತನ್ನ ತಂಡದವರ ಜೊತೆ ಅವಳೂ ಕುಂಟುತ್ತ ಓಡಿ ಹಂಚು ಪೇರಿಸತೊಡಗಿದಳು. ಎದುರು ತಂಡದ ಗಂಗಾಭವಾನಿಯ ಕೈಗೆ ಚೆಂಡು ಸಿಕ್ಕಿತು. ಕಣ್ಣ ಮುಂದೆಯೇ ದುರ್ಗಾಂಬನ ಬೆನ್ನು. ಗಂಗಾಭವಾನಿ ಕೈ ಎತ್ತಿದವಳು ಹಾಗೇ ನಿಂತು ಟೀಚರ ಮುಖ ನೋಡಿದಳು.

ಸೀಟಿ ಊದಿದರೆ ಆಟ ನಿಲ್ಲುತ್ತದೆ. ಸೀಟಿ ಕಮಲಾಕ್ಷಿಯ ತುಟಿಯವರೆಗೂ ಬಂದಿತ್ತು. ಅದನ್ನು ಕೆಳಗಿಳಿಸಿ, "ಹೊಡಿಯೇ, ಏನ್ ನೋಡ್ತೀಯ!" ಎಂದು ಕೂಗಿದಳು. ಆ ಆವೇಶದಲ್ಲಿ ಕೂಗಿದ್ದು ಕನ್ನಡದಲ್ಲಿ. ಆದರೂ ಗಂಗಾಭವಾನಿಗೆ ಅರ್ಥವಾಯಿತು.

ಧಪ್!

"ಔಟ್! ನಾನು ಔಟ್!" ದುರ್ಗಾಂಬ ಬೆನ್ನು ಉಜ್ಜಿಕೊಳ್ಳುತ್ತ ಅಂಗಳವಿಡೀ ಸಾರಿದಳು. ಅಧಿಕಾರಿಗಳ ಹತ್ತಿರವೂ ಹೋಗಿ ಹೇಳಿ ಬಂದಳು. ಅವರು ನಕ್ಕು, ಫಾರಮ್ಮಿನಲ್ಲಿ ಎಂಟು ಎಂದು ಬರೆದು, ಮುಂದಿನ ಶನಿವಾರವೂ ಇದೇ ಆಡಿಸಿ ಎಂದರು.

ಕಮಲಾಕ್ಷಿ ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ದುರ್ಗಾಂಬ ಔಟಾದವರ ಸಾಲಿನಲ್ಲಿ ಜಾಗ ಬಿಡಿಸಿಕೊಂಡು ಕೂತಿದ್ದಳು. ಏಳೂ ಹಂಚು ಇಟ್ಟ ಮೇಲೆ ಚೆಂಡು ಬಿದ್ದದ್ದು, ಇದು ಶುದ್ಧ ಮೋಸ ಎಂದು ಪಕ್ಕದವಳ ಜೊತೆ ಆಗಲೇ ಜಗಳ ತೆಗೆದಿದ್ದಳು.