ಎರಡು ಮುಷ್ಟಿಗಳ ನಡುವೆ

ನಾನು ಒಂದು ತೊಗಲಿನ ಪಟ್ಟಿ. ಎಮ್ಮೆಯ ಬೆನ್ನಾಗಿದ್ದ ಕಾಲ ನನಗೆ ನೆನಪಿಲ್ಲ. ನನ್ನ ನೆನಪು ಶುರುವಾಗುವುದು ಸುಣ್ಣದ ತೊಟ್ಟಿಯಿಂದ. ಅಲ್ಲಿ ನೆನೆದು, ಆವರಿಕೆ ತೊಗಟೆಯ ನೀರು ಕುಡಿದು, ಬಿಸಿಲಿಗೆ ಒಣಗಿ, ಎಣ್ಣೆ ಉಂಡು ತೋಳುದ್ದದ ಪಟ್ಟಿಯಾದೆ. ಒಂದು ತುದಿಗೆ ಕಬ್ಬಿಣದ ಬಳೆ ಹಾಕಿದರು, ಇನ್ನೊಂದಕ್ಕೆ ಹಿಡಿ.

ನನ್ನನ್ನು ಕೊಂಡವನು ಫಕೀರಪ್ಪ. ಹೊಳೆಆಲೂರಿನ ಸ್ಟೇಶನ್ ರಸ್ತೆಯಲ್ಲಿ ಅವನದು ಒಂದೇ ಕುರ್ಚಿಯ ಕ್ಷೌರದಂಗಡಿ. ಕುರ್ಚಿಯ ಪಕ್ಕದ ಕೊಕ್ಕೆಗೆ ನನ್ನ ಬಳೆ ಸಿಕ್ಕಿಸಿದ. ಅಲ್ಲಿಂದ ಊರಿನ ಗದ್ದಗಳನ್ನೆಲ್ಲ ನಾನು ಕೆಳಗಿನಿಂದ ನೋಡಿದೆ. ಗೌಡರದಾಗಲಿ ಹಮಾಲರದಾಗಲಿ, ಕತ್ತಿ ಹತ್ತಿರ ಬಂದಾಗ ಗದ್ದ ಒಂದೇ ರೀತಿ ಮೇಲಕ್ಕೇಳುತ್ತದೆ.

ಕತ್ತಿಯ ಅಲಗು ಹರಿತವಾಗುವುದು ಸಾಣೆಕಲ್ಲಿನ ಮೇಲೆ, ನಯವಾಗುವುದು ನನ್ನ ಮೇಲೆ. ಕಲ್ಲಿನ ಮೇಲೆ ಅಲಗು ಮುಂದಾಗಿ ಹೋಗಬೇಕು. ನನ್ನ ಮೇಲೆ ಬೆನ್ನು ಮುಂದೆ, ಅಲಗು ಹಿಂದೆ. ತುದಿ ಮುಟ್ಟಿದಾಗ ಕತ್ತಿ ಬೆನ್ನಿನ ಮೇಲೆಯೇ ಹೊರಳಬೇಕು. ಫಕೀರಪ್ಪನ ಕೈಯಲ್ಲಿ ಅದು ಹೊರಳಿದ್ದು ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಗಿರಾಕಿಗಳ ಜೊತೆ ಹರಟುತ್ತಲೇ ಅವನು ಕಿವಿ ನನ್ನ ಕಡೆ ಇಟ್ಟಿರುತ್ತಿದ್ದ. ನನ್ನ ದನಿ ತಿಳಿಯಾದ ಕೂಡಲೇ ಕೈ ನಿಲ್ಲಿಸುತ್ತಿದ್ದ.

"ಇದು ಕಿವಿ ಕೆಲಸ. ಬರೇ ಕಣ್ಣಿಂದ ಆಗಂಗಿಲ್ಲ," ಎನ್ನುತ್ತಿದ್ದ.

ಆ ಮಾತು ಕೇಳದೆ ಇದ್ದವನು ಅವನ ಮಗ ಮೈಲಾರಿ ಒಬ್ಬನೇ. ಹಸುಗೂಸಾಗಿದ್ದಾಗ ಬಂದ ಜ್ವರ ಅವನ ಕಿವಿಗಳನ್ನು ಒಯ್ದಿತ್ತು. ಆ ಹೊತ್ತಿಗೆ ಅವನಿಗೇ ಮದುವೆಯಾಗಿ, ಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಆದರೂ ಅಂಗಡಿಯಲ್ಲಿ ಅವನ ಪಾಲಿಗಿದ್ದದ್ದು ಕೂದಲು ಗುಡಿಸುವುದು, ನೀರು ಕಾಯಿಸುವುದು. ಅವನಿಗೆ ಬೇಕಾಗಿದ್ದುದು ಕುರ್ಚಿಯ ಹಿಂದೆ ನಿಲ್ಲುವ ಜಾಗ. ಗುಡಿಸುತ್ತ ಗುಡಿಸುತ್ತ ಅಪ್ಪನ ಕೈಯನ್ನೇ ನೋಡುತ್ತಿದ್ದ.

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಕತ್ತಿ ತೆಗೆದ. ಕಲ್ಲಿಗೆ ನೀರು ಹಚ್ಚಿ ಮಸೆದ, ಚೆನ್ನಾಗಿಯೇ ಮಸೆದ. ಆಮೇಲೆ ನನ್ನ ಕಡೆ ತಿರುಗಿದ. ಕಲ್ಲಿನ ರೂಢಿಯಲ್ಲೇ ಅಲಗು ಮುಂದೆ ಮಾಡಿ, ಅಪ್ಪನಷ್ಟೇ ರಭಸದಿಂದ ತಳ್ಳಿದ. ನನ್ನ ಎದೆ ಸೀಳಿತು.

ಬಾಗಿಲಲ್ಲಿ ಫಕೀರಪ್ಪ ನಿಂತಿದ್ದ. ಅವನ ಹಿಂದೆ ದಾಡಿ ಮಾಡಿಸಲು ಬಂದ, ಟಾಂಗಾ ಹೊಡೆಯುವ ಬುಡ್ಡೇಸಾಬ.

"ಫಕೀರಣ್ಣ, ಪಟ್ಟೀನ ಕೊಯ್ದಾನಲ್ಲೋ! ನಾಳೆ ನಮ್ಮ ಗಂಟಲಾ ಬಿಡ್ತಾನೇನ್ ಇಂವಾ?"

"ನಿನ್ನ ಗಂಟಲಕ್ಕ ಏನೂ ಆಗಂಗಿಲ್ಲ. ಕುದುರೀನ ಬೈದು ಬೈದು ಅದು ಕಲ್ಲಾಗೈತಿ."

ಹಾಗೆ ಅಂದರೂ ಫಕೀರಪ್ಪನ ಮುಖ ಸಣ್ಣದಾಗಿತ್ತು. ನನ್ನ ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ. ಮೈಲಾರಿ ಪೊರಕೆ ಎತ್ತಿಕೊಂಡ. ಇನ್ನು ಅದನ್ನು ಕೆಳಗಿಡುವುದೇ ಇಲ್ಲ ಎನ್ನುವಂತೆ ಹಿಡಿದುಕೊಂಡ.

ಅಷ್ಟರಲ್ಲಿ ಅವನು ತಟ್ಟನೆ ತಲೆ ಎತ್ತಿ ಸ್ಟೇಶನ್ ಕಡೆ ನೋಡಿದ.

"ಏನಾತು ಇವಂಗ?" ಎಂದ ಬುಡ್ಡೇಸಾಬ.

"ಗೂಡ್ಸ್ ಗಾಡಿ ಬರಾಕತ್ತೈತಿ."

"ನನಗೇನೂ ಕೇಳವಲ್ದಪಾ."

"ನನಗೂ ಕೇಳವಲ್ದು. ಅಂವಗ ನೆಲ ಹೇಳ್ತೈತಿ."

ಫಕೀರಪ್ಪ ತನ್ನ ಮಾತನ್ನು ತಾನೇ ಕೇಳಿಸಿಕೊಂಡವನಂತೆ ನಿಂತುಬಿಟ್ಟ. ರೈಲಿನ ಶಿಳ್ಳೆ ಆಮೇಲೆ ಕೇಳಿತು.

ನನ್ನನ್ನು ಕೊಕ್ಕೆಯಿಂದ ಬಿಡಿಸಿದ. ಬಳೆಯನ್ನು ಮಗನ ಮುಷ್ಟಿಗೆ ಕೊಟ್ಟು, ಹಿಡಿಯನ್ನು ತಾನು ಹಿಡಿದು, ಸೀಳಿಲ್ಲದ ಮಗ್ಗುಲಲ್ಲಿ ಕತ್ತಿ ಆಡಿಸಿದ. ಮೈಲಾರಿಯ ಕಣ್ಣು ಕತ್ತಿಯ ಮೇಲೇ ಇತ್ತು. ಫಕೀರಪ್ಪ ಕತ್ತಿ ಕೆಳಗಿಟ್ಟು, ಮಗನ ರೆಪ್ಪೆಗಳನ್ನು ಬೆರಳಿನಿಂದ ಮುಚ್ಚಿದ. ಮತ್ತೆ ಆಡಿಸಿದ. ಆಗ ಆ ಮುಷ್ಟಿ ಮೆತ್ತಗಾಯಿತು. ನಾನು ಹೇಳುತ್ತಿದ್ದುದು ಅವನ ಬೆರಳುಗಳನ್ನು ತಲುಪಿತು. ಅಲಗು ಒರಟಾಗಿದ್ದಾಗ ನಡುಕ, ನಯವಾದಾಗ ಸಣ್ಣ ಜುಮ್ಮು. ದನಿ ಎನ್ನುವುದು ನಡುಕವೇ ಎಂದು ನನಗೆ ಮೊದಲಿನಿಂದ ಗೊತ್ತಿತ್ತು. ಯಾರೂ ವಿಚಾರಿಸಿರಲಿಲ್ಲ, ಅಷ್ಟೆ.

ಆಮೇಲೆ ಮಗ ಕತ್ತಿ ಹಿಡಿದ. ಅಪ್ಪ ಬಳೆ ಹಿಡಿದು ಕಣ್ಣು ಮುಚ್ಚಿದ. ಕೈಭಾರ ಹೆಚ್ಚಾದರೆ ಅಪ್ಪ ನನ್ನನ್ನು ಸಡಿಲಬಿಡುತ್ತಿದ್ದ, ನಾನು ಜೋತುಬೀಳುತ್ತಿದ್ದೆ, ಮಗ ನಿಲ್ಲಿಸುತ್ತಿದ್ದ. ಆ ಬೇಸಿಗೆಯೆಲ್ಲ ಹೀಗೇ ಕಳೆಯಿತು. ಮೈಮೇಲೆ ಇನ್ನಷ್ಟು ಗೀರು ಬಿದ್ದವು. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಕೊಕ್ಕೆಯಲ್ಲಿ ನೇತಾಡುವುದಕ್ಕಿಂತ ಎರಡು ಮುಷ್ಟಿಗಳ ನಡುವೆ ಇರುವುದು ಬೆಚ್ಚಗಿತ್ತು.

"ಅಪ್ಪ ಮಗನ ಹಗ್ಗ ಜಗ್ಗಾಟ ಮುಗೀತೇನ್ರೋ?" ಎಂದು ಬುಡ್ಡೇಸಾಬ ಬಂದಾಗಲೆಲ್ಲ ಕೇಳುತ್ತಿದ್ದ.

ಒಂದು ಬೆಳಿಗ್ಗೆ ಮೈಲಾರಿ ತಾನಾಗಿಯೇ ಕೈ ನಿಲ್ಲಿಸಿದ. ಅಲಗನ್ನು ಮುಂಗೈಗೆ ತಾಗಿಸಿದ. ಕೂದಲು ಸದ್ದಿಲ್ಲದೆ ಉದುರಿತು. ಕುರ್ಚಿಯ ಧೂಳು ಕೊಡವಿ, ದಾಡಿಗೆ ಕಾದಿದ್ದ ಬುಡ್ಡೇಸಾಬನ ಮುಖ ನೋಡಿದ.

"ನನಗ ಹೆಂಡ್ರು ಮಕ್ಕಳು ಅದಾರಪ್ಪೋ. ಮೊದಲ ಹಡದಪ್ಪ ಕುಂಡ್ರಲಿ!"

ಫಕೀರಪ್ಪ ತನ್ನ ಗದ್ದವನ್ನು ಎಂದೂ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಅಂದು ಹೋಗಿ ಕುರ್ಚಿಯಲ್ಲಿ ಕೂತ. ಅವನ ಗದ್ದವೂ ಎಲ್ಲರದರಂತೆ ಮೇಲಕ್ಕೆದ್ದಿತು. ಕುರ್ಚಿಯ ಕೈ ಹಿಡಿದ ಬೆರಳುಗಳು ಬಿಳಚಿಕೊಂಡಿದ್ದವು. ಒಂದು ಕೆನ್ನೆ ಮುಗಿಯಿತು. ಬೆರಳು ಸಡಿಲವಾದವು. ಇನ್ನೊಂದು ಕೆನ್ನೆಯೂ ಮುಗಿಯಿತು. ಗಂಟಲಿಗೆ ಬಂದಾಗ ಮೈಲಾರಿ ಕತ್ತಿ ಹಿಂದೆಗೆದು, ಅಲ್ಲಿ ಬೆರಳಿಟ್ಟು ನೋಡಿದ. ಏನೋ ನಡುಗುತ್ತಿತ್ತು. ಗಾಬರಿಯಿಂದ ಬುಡ್ಡೇಸಾಬನ ಕಡೆ ತಿರುಗಿದ.

ಬುಡ್ಡೇಸಾಬ ಎರಡೂ ಅಂಗೈ ಜೋಡಿಸಿ ಕೆನ್ನೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದು ತೋರಿಸಿದ.

ಫಕೀರಪ್ಪ ಗೊರಕೆ ಹೊಡೆಯುತ್ತಿದ್ದ.

ಮೈಲಾರಿ ಕತ್ತಿಯನ್ನು ದೂರ ಹಿಡಿದು ಹೊಟ್ಟೆ ಕುಣಿಯುವಂತೆ ನಕ್ಕ. ಆಮೇಲೆ ಎರಡು ಗೊರಕೆಗಳ ನಡುವಿನ ಬಿಡುವು ಕಾದು ಕಾದು ಗಂಟಲು ಮುಗಿಸಿದ. ಬುಡ್ಡೇಸಾಬ ತನ್ನ ಗಡ್ಡ ಸವರಿಕೊಳ್ಳುತ್ತ ಎದ್ದ. "ಏಳೋ ಫಕೀರಣ್ಣ, ನನ್ನ ಪಾಳಿ ಬಂತು."

ಈಗ ಕತ್ತಿಗೆ ಅರ್ಧ ಬ್ಲೇಡು ಮುರಿದು ಸಿಕ್ಕಿಸುವ ಕಾಲ. ಮೈಲಾರಿಯ ಅಂಗಡಿಯಲ್ಲಿ ನನಗೆ ಕೆಲಸವಿಲ್ಲ. ಮನೆಯ ಹಿತ್ತಿಲ ಗೋಡೆಯ ಮೊಳೆಯಲ್ಲಿದ್ದೇನೆ. ಭಾನುವಾರ ಮಾತ್ರ ನನ್ನನ್ನು ಇಳಿಸುತ್ತಾರೆ. ಮುದುಕನಾದ ಫಕೀರಪ್ಪನಿಗೆ ಹಳೇ ಕತ್ತಿಯೇ ಆಗಬೇಕು. ಅವನು ಬಳೆ ಹಿಡಿಯುತ್ತಾನೆ, ಮಗ ಕತ್ತಿ ಆಡಿಸುತ್ತಾನೆ. ಮುದುಕನ ಕಿವಿಯೂ ಈಗ ಹೋಗಿದೆ. ಆದರೂ ನನ್ನ ದನಿ ತಿಳಿಯಾದ ಗಳಿಗೆ ಎರಡೂ ಮುಷ್ಟಿಗಳು ಒಟ್ಟಿಗೇ ಸಡಿಲವಾಗುತ್ತವೆ. ಸ್ವಲ್ಪ ಹೊತ್ತಿಗೆ ಗೊರಕೆ ಏಳುತ್ತದೆ. ಹಿತ್ತಿಲಲ್ಲಿ ಅದು ಕೇಳಿಸುವುದು ನನಗೆ ಮಾತ್ರ.