ತಡವಾಗಿ ಬರುವವನಿಗಾಗಿ

ನಮಾಜಿನಲ್ಲಿ ಒಮ್ಮೆ ಸೊಂಟ ಬಗ್ಗಿಸಿದರೆ ದೆಲಿಜಾನಿಯವರು ಬೇಗ ಏಳುವವರಲ್ಲ. ಬಾಗಿಲ ಕಾವಲಿನ ಕರಮ್‌ಅಲಿ ಒಂದು ದಿನ ಗಾಬರಿಯಾಗಿ ಕಿಟಕಿಯಲ್ಲಿ ಇಣುಕಿದ್ದ.

"ಆಗಾ ಸಾಹೇಬ್ರೇ, ಬಗ್ಗಿದವರು ಹಾಗೇ ಇದ್ರಲ್ಲ, ಸೊಂಟ ಹಿಡ್ಕೊಳ್ತೇನೋ ಅಂದ್ಕೊಂಡೆ. ನಿಮಗೇನಾದ್ರೂ ಆದ್ರೆ ನನ್ನ ತಲೆ ಹೋಗತ್ತೆ."

"ನಿನ್ನ ತಲೆ ಎಲ್ಲಿಗೂ ಹೋಗಲ್ಲ. ಹೋಗಿ ಚಹಾ ಕುಡಿ," ಎಂದಿದ್ದರು.

ಅದು ಸೊಂಟದ ದೋಷವಲ್ಲ, ಇರಾನಿನ ಧರ್ಮಪಾಠದ ಊರಾದ ಕೋಮ್‌ನ ಮಸೀದಿಯಲ್ಲಿ ವರ್ಷಾನುಗಟ್ಟಲೆ ಮುಂದೆ ನಿಂತು ನಮಾಜು ನಡೆಸಿದ ಅಭ್ಯಾಸ. ತಡವಾಗಿ ಬಂದವನು ಚಪ್ಪಲಿ ಬಿಡುವಲ್ಲಿಂದಲೇ "ಯಾ ಅಲ್ಲಾ" ಎಂದು ಕೂಗುತ್ತಾನೆ. ಮುಂದೆ ನಿಂತವರು ಬಗ್ಗಿದ ಬೆನ್ನನ್ನು ಎತ್ತದೆ, ಅವನು ಸಾಲು ಸೇರುವ ತನಕ ಕಾಯುತ್ತಾರೆ. ಈಗ ಅವರ ಹಿಂದೆ ಸಾಲೂ ಇಲ್ಲ, ತಡವಾಗಿ ಬರುವವರೂ ಇಲ್ಲ. ಬೆನ್ನಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ದೊರೆಯ ಆಳ್ವಿಕೆ ಉರುಳಿ ಪೇಟದ ಮುಲ್ಲಾಗಳು ಗದ್ದುಗೆ ಏರಿದಾಗ ಬೀದಿಯಲ್ಲಿ ಸಿಹಿ ಹಂಚಿದವರಲ್ಲಿ ಅವರೂ ಒಬ್ಬರು. ಆಮೇಲೆ ಬಾಯಿ ಕಹಿಯಾಗುತ್ತ ಬಂತು. ಬೀದಿಗಿಳಿದ ಹುಡುಗರನ್ನು ಹಿಡಿದು ಒಳಗೆ ಹಾಕಿದ ವರ್ಷ, ತುಂಬಿದ ಪಾಠಶಾಲೆಯಲ್ಲಿ ಅವರು ಹೇಳಿಯೇಬಿಟ್ಟರು: "ಹೊಡೆದು ಹೇಳಿಸಿದ ತಪ್ಪೊಪ್ಪಿಗೆ ಸಾಕ್ಷಿಯಲ್ಲ. ಅದನ್ನು ನಂಬಿ ತೀರ್ಪು ಕೊಡುವ ಮುಲ್ಲಾ ಮೊದಲು ತನ್ನ ಪೇಟ ತೆಗೆದಿಡಲಿ. ನಮ್ಮ ಜಾಗ ಆಳುವವನ ಎದುರು, ಅವನ ಪಕ್ಕ ಅಲ್ಲ." ಅಂದಿನಿಂದ ಅವರ ಮನೆಯೇ ಅವರಿಗೆ ಸೆರೆಮನೆ. ಹೆಂಡತಿ ಬತೂಲ್ ತೀರಿಕೊಂಡಾಗಲೂ ಹೆಣದ ಜೊತೆ ಹೊಸ್ತಿಲವರೆಗೆ ಹೋಗಿ ನಿಂತರು, ಅಷ್ಟೆ.

ಆದರೂ ದಿನಾ ಬೆಳಿಗ್ಗೆ ಪಾಠ ತಪ್ಪಿಸುತ್ತಿರಲಿಲ್ಲ. ಹಿಂದೆ ಶಿಷ್ಯರು ಕೂರುತ್ತಿದ್ದ ಖಾಲಿ ದಿಂಬುಗಳ ಎದುರು ಕೂತು ಪಾಠ ಹೇಳುತ್ತಿದ್ದರು, ಶಿಷ್ಯರ ಆಕ್ಷೇಪವನ್ನೂ ತಾವೇ ಎತ್ತುತ್ತಿದ್ದರು. ಹಾಳು ದಿಂಬುಗಳು ಒಂದು ದಿನವೂ ತಿರುಗಿ ಬೀಳಲಿಲ್ಲ.

ಹೀಗಿರುವಾಗ ಒಂದು ದಿನ ಮಧ್ಯಾಹ್ನಕ್ಕೆ ತುಸು ಮುಂಚೆ ಬಾಗಿಲು ತೆರೆದು ಷೇಖ್ ಘಫೂರ್ ಒಳಗೆ ಬಂದ. ಹುಡುಗರಾಗಿದ್ದಾಗ ಇಬ್ಬರೂ ಪಾಠದ ಜೋಡಿ. ಒಬ್ಬ ಹೌದೆಂದರೆ ಇನ್ನೊಬ್ಬ ಅಲ್ಲವೆಂದು ಗಂಟಲು ಹರಿಯುವಂತೆ ವಾದಿಸಿ ಕಲಿತವರು. ಘಫೂರ್ ಈಗ ದೊಡ್ಡ ನ್ಯಾಯಪೀಠದಲ್ಲಿ ಕೂರುತ್ತಿದ್ದ. ದೆಲಿಜಾನಿಯವರಿಗೆ ಅದೆಲ್ಲ ಮರೆತೇಹೋಯಿತು. ಮಾತಾಡಲು ಮನುಷ್ಯ ಸಿಕ್ಕಿದನಲ್ಲ ಎಂಬ ಸಂತೋಷದಲ್ಲಿ ಲೋಟ ತುಳುಕುವಷ್ಟು ಚಹಾ ಬಗ್ಗಿಸಿದರು.

"ಇವತ್ತೂ ತಡ ನೀನು. ಇಷ್ಟು ವರ್ಷ ಬೇಕಾಯ್ತೇನೋ ಬೀದಿ ದಾಟೋಕೆ?"

"ಬರೋಕೆ ಬಿಡಬೇಕಲ್ಲ ಮಾರಾಯ," ಎಂದ ಘಫೂರ್ ಸಕ್ಕರೆ ತುಂಡನ್ನು ಹಲ್ಲಿಗಿಟ್ಟುಕೊಂಡು ಚಹಾ ಹೀರಿದ. "ನಿನ್ನನ್ನ ಬಿಡಿಸೋಕೇ ಬಂದಿದೀನಿ. ಅವತ್ತಿನ ಮಾತು ತಪ್ಪಾಯ್ತು ಅಂದ್ಬಿಡು."

"ಯಾವ ಆಧಾರದ ಮೇಲೆ ತಪ್ಪು? ವಾದ ಮಾಡು, ಗೆಲ್ಲು, ಒಪ್ಕೋತೀನಿ."

"ನನಗೀಗ ವಾದಕ್ಕೆ ಹಲ್ಲಿಲ್ಲ. ಬತೂಲ್ ಸಮಾಧಿ ನೋಡ್ಬೇಕು ಅನ್ಸಲ್ವಾ ನಿನಗೆ?"

ದೆಲಿಜಾನಿಯವರು ಖಾಲಿ ಲೋಟಗಳನ್ನು ತಟ್ಟೆಗೆ ಎತ್ತಿಟ್ಟರು. ಅನ್ನಿಸುತ್ತಿತ್ತು. ದಿನಾ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಮಧ್ಯಾಹ್ನದ ಬಾಂಗು ಕೇಳಿಸಿತು. ಅವರು ಎದ್ದು ಎರಡು ಚಾಪೆ ಹಾಸಿ, ಹಣೆಯಿಡುವ ಮಣ್ಣಿನ ಬಿಲ್ಲೆಗಳನ್ನು ಇಟ್ಟರು. ಘಫೂರ್ ಹತ್ತಿರ ಬಂದು ದನಿ ತಗ್ಗಿಸಿದ.

"ತಪ್ಪಾಯ್ತು ಅನ್ನೋದೂ ಬೇಡ. ಇವತ್ತು ನನ್ನ ಹಿಂದೆ ನಿಂತು ನಮಾಜು ಮಾಡು. ಕರಮ್‌ಅಲಿ ಕಿಟಕಿಯಿಂದ ನೋಡಲಿ. ಅಷ್ಟು ಸಾಕು, ಬಾಗಿಲು ತೆಗೆಸ್ತೀನಿ."

ಎಂಥ ಸುಲಭದ ದಾರಿ. ಆದರೆ ಒಬ್ಬನ ಹಿಂದೆ ನಿಲ್ಲುವುದೆಂದರೆ ಇವನು ನ್ಯಾಯವಂತನೆಂದು ದೇವರೆದುರು ಸಾಕ್ಷಿ ಹೇಳಿದಂತೆ. ಅದು ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಕಲಿತ ಪಾಠ. ಕೇಳುತ್ತಿರುವುದು ಬೇರೆ ಯಾರೂ ಅಲ್ಲ, ಘಫೂರ್. ಪಕ್ಕದಲ್ಲಿ ಇನ್ನೊಬ್ಬರ ಉಸಿರು ಕೇಳುತ್ತ ಹಣೆ ನೆಲಕ್ಕಿಟ್ಟು ಎಷ್ಟು ಕಾಲವಾಯಿತು. ದೆಲಿಜಾನಿಯವರ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿದೂಬಿಟ್ಟಿತು.

ಅಲ್ಲೇ ನಿಂತು ಕೇಳಿದರು: "ಒಂದು ಮಾತು ಹೇಳು ಘಫೂರ್. ಹುಡುಗರು ನಿನ್ನೆದುರು ನಿಂತು, ಹೊಡೆದು ಹೇಳಿಸಿದ್ರು ಅಂದಾಗ ಏನು ಮಾಡಿದೆ?"

ಘಫೂರ್ ಬಗ್ಗಿ ಮಣ್ಣಿನ ಬಿಲ್ಲೆಯನ್ನು ಸರಿಮಾಡಿಟ್ಟ. "ನಾನೊಬ್ಬನೇ ಅಲ್ಲವಲ್ಲ ಅಲ್ಲಿ ಕೂತಿದ್ದು," ಎಂದ.

ದೆಲಿಜಾನಿಯವರು ತಮ್ಮ ಚಾಪೆಯನ್ನು ಮೆಲ್ಲಗೆ ಎಳೆದುಕೊಂಡು ಆಚೆ ಗೋಡೆಯ ಬಳಿ ಹಾಸಿದರು. "ನೀನು ಅಲ್ಲೇ ಮಾಡು, ನಾನಿಲ್ಲಿ ಮಾಡ್ತೀನಿ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು, ಅದಾದರೂ ಜೊತೆಗಿರುತ್ತಿತ್ತು.

ಒಂದೇ ಕೋಣೆಯಲ್ಲಿ ಇಬ್ಬರು ಮುದುಕರು ಬೇರೆಬೇರೆಯಾಗಿ ನಮಾಜು ಮಾಡಿದರು. ದೆಲಿಜಾನಿಯವರು ಅಲ್ಲಿನ ರೂಢಿಯಂತೆ ಅದರ ಬೆನ್ನಿಗೇ ಇಳಿಹೊತ್ತಿನ ನಮಾಜಿಗೂ ಎದ್ದು ನಿಂತರು. ಬಗ್ಗಿದಾಗ ಹಿಂದೆ ಚಾಪೆ ಸರಿದ ಸದ್ದಾಯಿತು, ಆಮೇಲೆ ಹೆಜ್ಜೆ ಸಪ್ಪಳ. ಅವರು ಬೆನ್ನು ಎತ್ತಲಿಲ್ಲ. ಬಗ್ಗಿ ಹೇಳಬೇಕಾದ ಪ್ರಾರ್ಥನೆಯನ್ನು ಹೇಳಿ ಮುಗಿಸಿ, ಮತ್ತೆ ಹೇಳಿದರು. ಅವನು ಬಂದು ತಮ್ಮ ಹಿಂದೆ ನಿಂತರೆ ಸಾಕು, ಉಳಿದದ್ದನ್ನೆಲ್ಲ ಆಮೇಲೆ ವಾದಿಸಿಕೊಳ್ಳಬಹುದು. ಸೊಂಟ ಉರಿಯುತ್ತಿತ್ತು. ಕಿವಿಯೆಲ್ಲ ಆ ಒಂದು "ಯಾ ಅಲ್ಲಾ"ಗೆ ಕಾದಿತ್ತು.

ಹೊರಗೆ ಕರಮ್‌ಅಲಿ ಏನೋ ಕೇಳಿದ. ಘಫೂರ್ ಏನೋ ಹೇಳಿದ. ಬಾಗಿಲು ಮುಚ್ಚಿತು, ಬೀಗ ತಿರುಗಿತು.

ದೆಲಿಜಾನಿಯವರು ಇನ್ನೂ ಬಗ್ಗಿಯೇ ಇದ್ದರು. ಘಫೂರ್ ಯಾವಾಗಲೂ ತಡವಾಗಿ ಬರುವವನು.