ಅತ್ತೆ ಕಂಡ ಹಳದಿ

ಈ ಎಲೆ ಹಳದಿಯೇ ಅಲ್ವಾ, ಪ್ರಮೀಳಾ ಹೊಗೆಸೊಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಹಳದಿಯೇ, ತುದಿಯಲ್ಲಿ ಮಾತ್ರ ಒಂಚೂರು ಕೆಂಪು — ಆದರೆ ಎದುರು ಕೂತು ಸೊಪ್ಪು ವಿಂಗಡಿಸೋ ಕೂಲಿಯಾಳು ರಾಣಿಯ ಕಣ್ಣಿಗೂ ಇದೇ ಹಳದಿ ಕಾಣುತ್ತೋ ಏನೋ, ಯಾರು ಕಂಡವರು, ಒಬ್ಬರ ತಲೆಯೊಳಗೆ ಇನ್ನೊಬ್ಬರು ಹೊಕ್ಕು ನೋಡೋಕಾಗುತ್ತಾ, ಪಿರಿಯಾಪಟ್ಟಣದ ಹರಾಜಿಗೆ ನಾಳೆ ಸೊಪ್ಪು ಕಟ್ಟಿದ ಬೇಲು ಹೋಗಬೇಕು, ಪಕ್ಕದಲ್ಲಿ ಹಾಸಿದ ಗೋಣಿಚೀಲ ಖಾಲಿ, ಅತ್ತೆ ಬೀರಮ್ಮ ತೀರಿಹೋಗಿ ವರ್ಷವಾಯಿತು, ಹನ್ನೆರಡು ವರ್ಷ ಅಲ್ಲೇ ಕೂರುತ್ತಿದ್ದಳು ಮಹರಾಯ್ತಿ, ಎಲೆಯಡಿಕೆ ಜಗಿಯುತ್ತಾ, ತವರು ಸಾಲಿಗ್ರಾಮದ ಹೊಳೆ ಕಥೆ ಹೇಳುತ್ತಾ, ಬೆಂದ ಸೊಪ್ಪಿನ ಘಮ, ಏನು ಚೆಂದದ ದಿನಗಳು, ಚೆಂದವೇ, ಆದರೆ ಅವಳ ಆ ಒಂದು ಚಾಳಿ — ಪ್ರಮೀಳಾ ಬಣ್ಣ ನೋಡಿ ಗುಡ್ಡೆಗೆ ಹಾಕಿದ ಎಲೆಯನ್ನೆಲ್ಲ ತಿರುಗಿ ಎತ್ತುವುದು, ಎರಡು ಬೆರಳಲ್ಲಿ ಉಜ್ಜುವುದು, ಮೂಸುವುದು, ಮತ್ತೆ ಅಲ್ಲೇ ಇಡುವುದು, ಮೈಯೆಲ್ಲ ಉರಿಯುತ್ತಿತ್ತು, ಸೊಸೆ ಕೆಲಸದ ಮೇಲೆ ಇಷ್ಟೂ ನಂಬಿಕೆ ಇಲ್ಲ ಈ ಮುದುಕಿಗೆ, ನನ್ನ ಕಂಡರೆ ಕೀಳು, ಅವಳ ಮನಸ್ಸು ಅಂಗೈ ನೆಲ್ಲಿಕಾಯಿ ಅಂತಲೇ ಪ್ರಮೀಳಾ ತಿಳಿದಿದ್ದಳು, ಎಂಥ ದಡ್ಡಿ.

ಹುಣಸೂರಿನ ಕಣ್ಣಿನ ಕ್ಯಾಂಪಿನಲ್ಲಿ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಯಾವತ್ತಿಂದ ಹಿಂಗೆ ಅಜ್ಜಿ ಅಂದರು, ಸೊಸೆ ಬರಾಕ್ ಮುಂಚಿಂದ್ಲೂವೆ ಬುದ್ಧಿ, ನೆರಳು ನೆರಳಾಗಿ ಕಾಣ್ತದೆ, ಬಣ್ಣ ಕಾಣಾಕಿಲ್ಲ, ಅಂದಳು ಅತ್ತೆ, ಅಯ್ಯೋ ಶಿವನೇ, ಹನ್ನೆರಡು ವರ್ಷ, ಸೊಸೆ ಹಾಕಿದ ಎಲೆ ಎತ್ತಿ ತನ್ನ ಬೆರಳಿಗೆ ತಾನೇ ಪಾಠ ಹೇಳಿಕೊಳ್ಳುತ್ತಿದ್ದಳು, ಹಳದಿ ಅಂದರೆ ಇಷ್ಟು ನುಣುಪು, ಕೆಂಪು ಅಂದರೆ ಇಷ್ಟು ಒರಟು ಅಂತ, ವಾಪಸ್ ಬರುವಾಗ ಬಸ್ಸಿನಲ್ಲಿ, ಯಾಕತ್ತೆ ನಂಗ್ ಯೋಳ್ಲಿಲ್ಲ ಅಂದಿದ್ದಕ್ಕೆ, ಯೋಳಿದ್ರೆ ಪಕ್ಕದಲ್ಲಿ ಕೂರುಸ್ಕತಿದ್ಯಾ ಕಣವ್ವ, ಸುಮ್ಕೆ ಮನೇಲಿ ಬಿದ್ದಿರು ಅಂತಿರ್ಲಿಲ್ವಾ, ಅಂದು ನಕ್ಕಳು, ಆ ನಗು ಕ್ಷಮಿಸಿದ್ದೋ, ನೊಂದಿದ್ದೋ, ಕೇಳಬೇಕಿತ್ತು, ಇನ್ನು ಯಾರನ್ನು ಕೇಳುವುದು, ಅವತ್ತಾದರೂ ಯಾವ ಬಾಯಲ್ಲಿ ಕೇಳುವುದು, ಕ್ಯಾಂಪಿಗೆ ಎಂಟು ದಿನ ಮೊದಲು, ಇದೇ ಗುಡ್ಡೆ ಮುಂದೆ, ಕೂಲಿಯವರೆಲ್ಲ ಇರುವಾಗ, ತಾನೇ ಅಲ್ವಾ ಅತ್ತೆ ಕೈಯಿಂದ ಎಲೆ ಕಿತ್ತುಕೊಂಡು, ಬುಡಿ ಅತ್ತೆ, ನಾನೇನ್ ಕುಲ್ಡೀನಾ, ಕಣ್ ಕಾಣಾಕಿಲ್ವಾ ನಂಗೆ, ಅಂದಿದ್ದು, ಎಲ್ಲರೂ ಗೊಳ್ಳೆಂದರು, ಬೀರಮ್ಮ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಗೊಂಡು ಸೆರಗಿನೊಳಗೆ — ರಾಣಿ ಏನೋ ಕೇಳುತ್ತಿದ್ದಾಳೆ, ಅಕ್ಕ, ಇದು ಯಾವ ಗುಡ್ಡೆಗೆ — ಆ ಕೈ, ಸೊಪ್ಪಿನ ಜಿಡ್ಡು ಹತ್ತಿದ ಎರಡು ಬೆರಳು, ಸೆರಗಿನೊಳಗೆ, ಆ ಕೈ